ಕಡ ತಂದ ಹೆಪ್ಪು

ಹಾಲು ಕಾಯಿಸಿ ಆರಲು ಇಟ್ಟೆ. ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಬಸ್ಸು ಹತ್ತಿ ಹೋದ ಮೇಲಿನ ಮೊದಲ ಬೆಳಿಗ್ಗೆ ಅದು. ಹಾಲಿನವನು ಎಂದಿನಂತೆ ಬಂದಿದ್ದ. ಪಾತ್ರೆಗೆ ತಾಗದಂತೆ ಎತ್ತರದಿಂದ ಹಾಲು ಸುರಿದು ಹೋದ, ಅಷ್ಟೇ ವ್ಯತ್ಯಾಸ.

ಹೆಪ್ಪು ಹಾಕಲು ಮೊಸರಿನ ಗಡಿಗೆ ಹುಡುಕಿದೆ. ಅದು ಅಂಗಳದಲ್ಲಿ ಬೋರಲಾಗಿತ್ತು. ಪಕ್ಕದಲ್ಲಿ ನೀರಿನ ಕೊಡಗಳು, ಉಪ್ಪಿನಕಾಯಿ ಜಾಡಿ, ಹಿಟ್ಟಿನ ಡಬ್ಬಿ ಎಲ್ಲ ತೊಳೆದು ಬೋರಲು ಹಾಕಿದ್ದವು.

“ಮೊಸರು ಎಲ್ಲದ ಅತ್ತಿ?”

“ಚೆಲ್ಲೀನಿ,” ಎಂದರು ಶೇವಂತಾಬಾಯಿ. ನನ್ನ ಗಂಡ ಪುಂಡಲೀಕನ ಸೋದರತ್ತೆ ಅವರು. ತಾಯಿಯಿಲ್ಲದ ಅವನನ್ನು ಭಾಲ್ಕಿಯಲ್ಲಿ ಬೆಳೆಸಿದವರು. ನೆಂಟರು ಹೊರಟಾಗ ಅವರು ಮಾತ್ರ ಚೀಲ ಕಟ್ಟಲಿಲ್ಲ. “ಸಾವಾದ ಮನ್ಯಾಗ ಮೊದಲಿನ ನೀರು ಇಡಬಾರದು, ಮೊದಲಿನ ಅಡಗಿ ಇಡಬಾರದು. ಹೆಪ್ಪಂತೂ ಇಡಲೇಬಾರದು. ಸೂತಕ ಕಳದಮ್ಯಾಲ ಬ್ಯಾರೆ ಮನೀಂದ ಹೊಸಾದು ತರೋದು.”

“ಗೂಡಿನಾಗ ಒಂದು ಬರಣಿ ಇತ್ತಲ್ಲ?”

“ಅದೂ ಹೆಪ್ಪೇ ಅಲ್ಲೇನು? ಅದನ್ನೂ ಬಚ್ಚಲಿಗಿ ಚೆಲ್ಲೀನಿ. ಬರಣಿ ತೊಳದು ಇಟ್ಟೀನಿ ನೋಡು, ಒಡದಿಲ್ಲ.”

ಬಿಳಿ ಪಿಂಗಾಣಿಯ ಸಣ್ಣ ಬರಣಿ, ನೀಲಿ ಮುಚ್ಚಳ. ಅದು ನಮ್ಮದಲ್ಲ. ಗೋಡೆಯಾಚೆಯ ಮನೆಯ ಖೈರೂನ್ ಖಾಲಾ ಅವರದು. ಪುಂಡಲೀಕ ಕಡ ತಂದಿದ್ದ.

ಅತ್ತೆಗೆ ಏನಾದರೂ ಅನ್ನಬೇಕೆನಿಸಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಅನಿಸುತ್ತಿರಲಿಲ್ಲ. ಹಾಲು ಹಾಲಾಗಿಯೇ ಉಳಿಯಿತು.

ಕಡಲು ಕಾದು ಬಿಸಿಯಾಗುವುದನ್ನು ತಡೆಯಲೆಂದು ಆಕಾಶದ ಮೇಲ್ಪದರದಲ್ಲಿ ನುಣ್ಣನೆಯ ಪುಡಿಯ ತೆರೆ ಹರಡಿದ್ದು ನಾನು ಶಾಲೆಯಲ್ಲಿದ್ದಾಗ. ಕಡಲಿಗೆ ಒಳ್ಳೆಯದೇ ಆಯಿತು. ನಮ್ಮ ಬೀದರದ ಎತ್ತರದ ಕೆಂಪು ನೆಲಕ್ಕೆ ಮಾತ್ರ ಅಜ್ಜ ಮುತ್ತಜ್ಜ ಕಾಣದ ಚಳಿ ಬಂತು. ಪುಷ್ಯ ಮಾಸದಲ್ಲಿ ಈಗ ತೊಟ್ಟಿಯ ನೀರು ಗಾಜಿನಂತೆ ಗಟ್ಟಿಯಾಗುತ್ತದೆ. ಕರೆಂಟು ದೀಪಕ್ಕೂ ಪಂಪಿಗೂ ಸಾಕಾದರೆ ಪುಣ್ಯ. ಬೇಸಿಗೆ ಮಾತ್ರ ಇನ್ನೂ ಬೇಸಿಗೆಯಾಗಿಯೇ ಉಳಿದಿದೆ. ಹಾಗಾಗಿ ಬೇಸಿಗೆಯ ಬಿಸಿಲನ್ನು ಚಳಿಗಾಲದವರೆಗೆ ಕೂಡಿಡುವ ದಾರಿ ಬೇಕಾಯಿತು. ಸಿಕ್ಕಿದ್ದು ಒಂದು ಉಪ್ಪು.

ಅಡುಗೆಯ ಉಪ್ಪಲ್ಲ, ಬಿಸಿಲಿಗೆ ಕರಗಿ ನೀರಾಗುವ ಉಪ್ಪು. ಕಾಲೊನಿಯ ಪ್ರತಿ ಮನೆಯ ನೆಲದಡಿಯಲ್ಲೂ ಅದರ ಪೀಪಾಯಿಗಳಿವೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲಿನ ಕನ್ನಡಿಗಳು ಬಿಸಿಲನ್ನು ಪೀಪಾಯಿಗೆ ಇಳಿಸುತ್ತವೆ, ಉಪ್ಪು ಕರಗುತ್ತದೆ. ಆಮೇಲೆ ಎಷ್ಟು ತಣ್ಣಗಾದರೂ ಅದು ತಾನಾಗಿ ಗಟ್ಟಿಯಾಗುವುದಿಲ್ಲ. ಹೇಗೆ ಗಟ್ಟಿಯಾಗಬೇಕೆಂಬುದನ್ನೇ ಮರೆತಂತೆ ನೀರಾಗಿಯೇ ಇರುತ್ತದೆ. ಚಳಿ ಬಂದ ದಿನ ಮುಚ್ಚಳ ತೆಗೆದು ಅದೇ ಉಪ್ಪಿನ ಒಂದು ಹರಳು ಹಾಕಬೇಕು. ಹರಳು ಬಿದ್ದಲ್ಲಿಂದ ಶುರುವಾಗಿ ಇಡೀ ಪೀಪಾಯಿ ಗಟ್ಟಿಯಾಗುತ್ತದೆ. ಗಟ್ಟಿಯಾಗುತ್ತ, ಬೇಸಿಗೆಯಲ್ಲಿ ನುಂಗಿದ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಒಂದರ ಬಿಸಿ ಮುಗಿದರೆ ಮುಂದಿನ ಪೀಪಾಯಿ.

ಆ ಹರಳಿಗೆ, ಇದನ್ನೆಲ್ಲ ನಡೆಸುವ ಉಪ್ಪಿನ ಕೇಂದ್ರದವರು ಏನೋ ಉದ್ದನೆಯ ಹೆಸರಿಟ್ಟಿದ್ದರು. ಜನ ಹೆಪ್ಪು ಎಂದರು. ಹೆಸರಿನ ಹಿಂದೆಯೇ ಮೊಸರಿನ ನೇಮಗಳೆಲ್ಲ ಬಂದವು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು. ಕೊಂಡು ತರಬಾರದು, ಕಡವೇ ತರಬೇಕು. ತಂದದ್ದನ್ನು ತಾನು ಹೆಪ್ಪುಗಟ್ಟಿಸಿದ್ದರಿಂದ ತೀರಿಸಬೇಕು. ಸಾವಾದ ಮನೆಯಲ್ಲಿ ಇಡಬಾರದು.

ಹೋದ ಚಳಿಗಾಲದಲ್ಲಿ ಉಪ್ಪು ಕೆಟ್ಟಿತು. ಒಳ್ಳೆಯ ಹರಳು ದುಂಡಗೆ, ಸಾಬೂದಾನಿಯ ಹಾಗೆ ಇರುತ್ತದೆ. ಯಾರದೋ ಮನೆಯ ಪೀಪಾಯಿಯಲ್ಲಿ ಸೂಜಿಯಂಥ ಹರಳು ಹುಟ್ಟಿತು. ಉಪ್ಪು ಅದೇ, ಜೋಡಣೆ ಬೇರೆ. ದುಂಡು ಹರಳು ತನ್ನೊಳಗೆ ನೀರನ್ನು ಹಿಡಿದುಕೊಂಡು ಕಟ್ಟಿಕೊಳ್ಳುತ್ತದೆ. ಸೂಜಿ ನೀರನ್ನು ಹೊರಗೆ ಬಿಟ್ಟುಬಿಡುತ್ತದೆ, ಹಾಗಾಗಿ ಅದು ಕೊಡುವ ಶಾಖ ಉಗುರುಬೆಚ್ಚಗೆ, ಅಷ್ಟೇ. ಲೋಳೆಯಾದ ಮೊಸರಿನ ಹೆಪ್ಪು ಹೊಸ ಹಾಲನ್ನೂ ಲೋಳೆ ಮಾಡುವ ಹಾಗೆ, ಸೂಜಿ ತಾಗಿದ ಉಪ್ಪೆಲ್ಲ ಸೂಜಿಯಾಯಿತು. ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಸಾಕು. ಅದು ಬಟ್ಟೆಗೆ, ಚಪ್ಪಲಿಗೆ, ಕೂದಲಿಗೆ ಅಂಟಿ ಮನೆಯಿಂದ ಮನೆಗೆ ಹೋಯಿತು. ಎಲ್ಲರಿಗಿಂತ ಮೊದಲು ಕೆಟ್ಟಿದ್ದು ಉಪ್ಪಿನ ಕೇಂದ್ರದ ಪ್ರಯೋಗಶಾಲೆಯೇ. ಪುಂಡಲೀಕ ಅಲ್ಲಿ ಕೆಲಸ ಮಾಡುತ್ತಿದ್ದ.

ಅವನು ವರ್ಷವಿಡೀ ದುಂಡು ಹರಳು ಹುಡುಕಿದ. ಕೊನೆಗೆ ಸಿಕ್ಕಿದ್ದು ಪಕ್ಕದ ಮನೆಯಲ್ಲಿ. ಖೈರೂನ್ ಖಾಲಾ ಮಹಾ ಮಡಿಯ ಹೆಂಗಸು. ಕೈಕಾಲು ತೊಳೆಯದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅವರ ಬರಣಿಯಲ್ಲಿ ಹಳೆಯ ಹೆಪ್ಪು ಹಾಗೆಯೇ ಇತ್ತು. ಅರ್ಧ ತಾವು ಇಟ್ಟುಕೊಂಡು ಅರ್ಧ ಕೊಟ್ಟರು. ಅದೇ ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಪುಂಡಲೀಕ ಹಿಂದಿನಿಂದ ಬಂದು ಕತ್ತಿನ ಮೇಲೆ ಏನೋ ಇಟ್ಟ.

“ಸುಡ್ತದ?”

“ಸುಡ್ತದ. ಸರಿ ಅತ್ತ, ಕೈಯೆಲ್ಲ ಹಿಟ್ಟಾಗ್ಯಾವ.”

ಏನೆಂದು ತಿರುಗಿ ನೋಡಲಿಲ್ಲ. ಅವನು ನಗುತ್ತ ಹೋದ. ಮಾರನೆಯ ದಿನ ಚಳಿಗೆ ಮುಂಚೆ ಗೋಡೆಗೂ ಮಾಳಿಗೆಗೂ ನಡುವಿನ ಸಂದು ಮುಚ್ಚುತ್ತೇನೆಂದು ಏಣಿ ಹತ್ತಿದ. ಏಣಿ ಜಾರಿತು. ತಲೆ ತೊಟ್ಟಿಯ ಅಂಚಿಗೆ ಬಡಿಯಿತು.

ಏಣಿ ಇನ್ನೂ ಅಲ್ಲೇ ಬಿದ್ದಿತ್ತು.

*

ಹೊಸ್ತಿಲು ದಾಟಬೇಡ ಎಂದು ಅತ್ತೆ ಹೇಳಿದರು. ನಾನು ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತು ಮಾಡುವುದು ಏನೂ ಇರಲಿಲ್ಲ.

ನನ್ನ ಕೆಲಸ ಉಪ್ಪಿನ ಕೇಂದ್ರದ ಕೆಳಮಹಡಿಯ ನಿಯಂತ್ರಣ ಕೊಠಡಿಯಲ್ಲಿ. ಗೋಡೆಯಷ್ಟಗಲದ ಪರದೆಯ ಮೇಲೆ ಕಾಲೊನಿಯ ಮನೆಗಳೆಲ್ಲ ಚೌಕಗಳಾಗಿ ಕಾಣುತ್ತವೆ. ಬೆಚ್ಚಗಿರುವ ಮನೆ ಕೇಸರಿ, ತಣ್ಣಗಿರುವುದು ನೀಲಿ. ಯಾವ ಮನೆಯ ಪೀಪಾಯಿ ಯಾವಾಗ ಗಟ್ಟಿಯಾಯಿತು, ಎಷ್ಟು ಬಿಸಿ ಕೊಟ್ಟಿತು ಎಂದು ನೋಡಿ, ಸಾಲದವರಿಗೆ ಕರೆಂಟಿನ ಪಾಲು ಹಂಚುವುದು ನಮ್ಮ ಕೆಲಸ. ಹಿಂದಿನ ರಾತ್ರಿ ಮೊದಲ ಚಳಿ ಬಿದ್ದಿತ್ತು. ಪರದೆಯ ತುಂಬ ಮಾಸಿದ ಹಳದಿ. ಎಲ್ಲ ಮನೆಯಲ್ಲೂ ಸೂಜಿ.

ನಮ್ಮ ಮನೆಯ ಚೌಕ ನೀಲಿಯಾಗಿತ್ತು. ಪಕ್ಕದ್ದನ್ನು ನೋಡಿದೆ. ಖೈರೂನ್ ಖಾಲಾ ಅವರ ಮನೆ ಹೋದ ವರ್ಷ ಉರಿಯುವ ಕೇಸರಿಯಾಗಿದ್ದ ಮನೆ. ಅದೂ ಮಾಸಿದ ಹಳದಿ. ಪೀಪಾಯಿ ಹೆಪ್ಪುಗಟ್ಟಿ ಬೆಳಗಿನ ಜಾವದಿಂದ ಬಿಸಿ ಕೊಡುತ್ತಿತ್ತು. ಆದರೆ ಉಗುರುಬೆಚ್ಚಗೆ.

ಮೇಲಿನ ಪ್ರಯೋಗಶಾಲೆಯಿಂದ ಸಾಲೋಮನ್ ಇಳಿದು ಬಂದ. ಪುಂಡಲೀಕನ ಜೊತೆ ಓದಿದವನು, ಒಂದೇ ಮೇಜಿನಲ್ಲಿ ಕೆಲಸ ಮಾಡಿದವನು.

“ವೈನಿ, ಇಷ್ಟ ಲಗೂ ಯಾಕ ಬಂದ್ರಿ?”

“ಚಳಿ ಬಂತಲ್ಲ.”

ಅವನು ಪರದೆಯ ಕಡೆ ತಿರುಗಿದ. “ಕೇಳಬಾರದು. ಆದ್ರ ಕೇಳದ ಗತಿ ಇಲ್ಲ. ಪುಂಡ್ಯಾ ಫೋನ್ ಮಾಡಿ, ದುಂಡು ಸಿಕ್ಕದ, ತರ್ತೀನಿ ಅಂದಿದ್ದ. ಎಲ್ಲಿ ಇಟ್ಟಾನ?”

“ಗೂಡಿನಾಗ ಇಟ್ಟಿದ್ದ. ಈಗ ಬಚ್ಚಲದ ಮೋರಿಯೊಳಗ ಅದ.”

ನಾನು ಹೇಳಿದ್ದನ್ನೆಲ್ಲ ಕೇಳಿ ಅವನು ಕುರ್ಚಿಯಲ್ಲಿ ಕುಸಿದ. ಆಮೇಲೆ ಸದ್ದಿಲ್ಲದೆ ನಕ್ಕ, ಭುಜ ಅಲುಗುವಷ್ಟು. “ದೇವ್ರೇ! ಇಷ್ಟು ಮಂದಿ ವರ್ಷಾನಗಟ್ಲೆ ಹುಡುಕಿದ್ವಿ. ಕಡೀಕ ಮೋರಿಗಿ ಸಿಕ್ತು.” ಕಣ್ಣು ಒರೆಸಿಕೊಂಡ. “ಆ ಮುದುಕಿ ಕಡೆ ಇನ್ನರ್ಧ ಇರಬೇಕಲ್ಲ?”

ನಾನು ಪರದೆಯ ಮೇಲಿನ ಹಳದಿ ಚೌಕ ತೋರಿಸಿದೆ. ಅವನು ಅದನ್ನು ನೋಡಿ ಮೇಲೆ ಹೋದ.

*

ಮನೆಗೆ ಬಂದಾಗ ಅತ್ತೆ ಹಿತ್ತಲ ಬಾಗಿಲಲ್ಲಿ ಕೈ ಅಡ್ಡ ಹಿಡಿದು ನಿಂತಿದ್ದರು. “ಊರೆಲ್ಲ ಅಡ್ಡಾಡಿ ಹಂಗೇ ಒಳಗ ಬರ್ಲತ್ತೀಯೇನು? ಸೀರಿ ಬಕೀಟಿಗಿ ಹಾಕು. ತಲೀ ಮ್ಯಾಲಿಂದ ನೀರು ಹಾಕ್ಕೊಂಡು ಬಾ.” ಹಿತ್ತಲ ಬಚ್ಚಲಲ್ಲಿ ಬಿಸಿನೀರು ಇಟ್ಟಿದ್ದರು. ದಿನವೂ ಅದೇ ನಡೆಯಿತು.

ತಲೆ ಒರೆಸಿಕೊಂಡು ಅಂಗಳಕ್ಕೆ ಬಂದೆ. ಗೋಡೆಯ ಮೇಲೆ ಖೈರೂನ್ ಖಾಲಾ ಅವರ ತಲೆ ಕಾಣಿಸಿತು, ಹಿಂದೆಯೇ ರೊಟ್ಟಿಯ ಗಂಟು. ಸೂತಕದ ಮನೆಯೊಳಗೆ ಅವರು ಬರುತ್ತಿರಲಿಲ್ಲ. ಅವರಲ್ಲಿ ಆ ನೇಮವಿಲ್ಲ. ನಮ್ಮ ನೇಮ ಕೆಡಬಾರದೆಂದು ಗೋಡೆಯಾಚೆಯೇ ನಿಲ್ಲುತ್ತಿದ್ದರು.

“ತಗೋ ಬೇಟಿ. ಉಣ್ಣು. ಮಾರಿ ನೋಡು, ಸುಣ್ಣ ಹಚ್ಚಿದಂಗ ಅದ.”

“ಖಾಲಾ, ನಿಮ್ಮ ಮನಿ ಹೆಂಗದ?”

“ಬೆಚ್ಚಗದ. ಯಾಕ?”

“ನಾ ಕಂಟ್ರೋಲ್ ರೂಮಿನಾಕಿ.”

“ಅಲ್ಲಾ! ಅಲ್ಲಿ ಕುಂತು ನನ್ನ ಕ್ವಾಣ್ಯಾಗ ಇಣುಕಿ ನೋಡ್ತೀಯೇನು? ಲಜ್ಜಿಲ್ಲೇನು ನಿನಗ?”

ಅವರು ದುಪಟ್ಟಾ ಸರಿಮಾಡಿಕೊಂಡರು.

“ಆ ದಿವಸ ಬಂದ ಮಂದಿಗಿ ಊಟ ನಮ್ಮ ಮನ್ಯಾಗೇ ಆಯ್ತಲ್ಲ. ನಿಮ್ಮ ಒಲಿ ಹಚ್ಚಂಗಿರಲಿಲ್ಲ. ತಾಟು, ಗಂಗಾಳ ಎಲ್ಲ ಉಗ್ರಾಣದಾಗ. ತರೋರು, ಇಡೋರು, ಚಪ್ಪಲಿ ಹಾಕ್ಕೊಂಡೇ ಹೋದ್ರು. ಅತ್ತು ಬಂದ ಮಂದಿಗಿ ಕಾಲು ತೊಳ್ಕೋರಿ ಅಂತ ಹೆಂಗ ಅನ್ಲಿ? ಬರಣಿ ನಿಮ್ಮ ಕಡೆ ಇತ್ತು. ನನ್ನ ಪಾಲಿಂದು ಅಲ್ಲೇ ಒಂದು ವಾಟಿಯೊಳಗ ಬಿಟ್ಟಿದ್ದೆ. ಮುಚ್ಚಿರಲಿಲ್ಲ.” ಮಾತು ತಗ್ಗಿಸಿದರು. “ಇವತ್ತು ನಸುಕಿನಾಗ ಹಾಕಿದೆ. ಕೈ ಇಟ್ಟು ನೋಡಿದೆ. ತಿಳೀತು.”

“ಹೇಳಲಿಲ್ಲ ಯಾಕ?”

“ಏನಂತ ಹೇಳ್ಲಿ? ನಿನ್ನ ಗಂಡನ ಮಣ್ಣಿಗಿ ಬಂದೋರಿಂದ ನನ್ನ ಹೆಪ್ಪು ಕೆಡ್ತು ಅಂತ?”

ಅವರ ಹಿಂದೆ ಅಂಗಳದಲ್ಲಿ ಮಗಳು ನಸ್ರೀನ್ ಎರಡೂ ಕೈ ಸೊಂಟಕ್ಕಿಟ್ಟು ನಿಧಾನ ನಡೆಯುತ್ತಿದ್ದಳು. ಹುಮನಾಬಾದಿನಿಂದ ಹೆರಿಗೆಗೆ ತವರಿಗೆ ಬಂದವಳು. ಇಂದೋ ನಾಳೆಯೋ ಎನ್ನುವಂತಿದ್ದಳು. ಅವಳು ನಡೆಯುತ್ತಿದ್ದ ಕಡೆ ಗೋಡೆಗೆ ಒಂದು ಚೀಲ ಒರಗಿತ್ತು. ಚೀಲದ ಬಾಯಿಂದ ಕರಿ ಪುಡಿ ಉದುರಿತ್ತು.

“ಇದ್ದಿಲು ಯಾಕ ತಂದ್ರಿ ಖಾಲಾ?”

“ಸುಮ್ನ. ಇರಲಿ ಅಂತ.”

ಹೋದ ವರ್ಷ ಹಿಂದಿನ ಓಣಿಯಲ್ಲಿ ಗಂಡ ಹೆಂಡತಿ ಕೆಂಡದ ಬೋಗುಣಿ ಒಳಗಿಟ್ಟುಕೊಂಡು, ಗಾಳಿ ಬರದಂತೆ ಬಾಗಿಲ ಸಂದಿಗೆ ಕೌದಿ ತುರುಕಿ ಮಲಗಿದ್ದರು. ಬೆಳಿಗ್ಗೆ ಏಳಲಿಲ್ಲ. ಅವರ ಮನೆಯ ಚೌಕ ನನ್ನ ಪರದೆಯ ಮೇಲೆ ಬೆಚ್ಚಗೆ ಕೇಸರಿಯಾಗಿಯೇ ಇತ್ತು.

“ಹಚ್ಚಬ್ಯಾಡ್ರಿ,” ಎಂದೆ.

“ನೀ ಓದಿದಾಕಿ. ನೀನೇ ಹೇಳು. ಆಗ ಹುಟ್ಟಿದ ಕೂಸಿಗಿ ಈ ಬಿಸಿ ಸಾಲ್ತದೇನು?”

ಸಾಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಮ್ಮ ಪಾಲಿನ ಕರೆಂಟನ್ನೂ ಅವರ ಮನೆಗೆ ಹಾಕಿದರೂ ಒಂದು ಕೋಣೆ ಕಾಯುವಷ್ಟಾಗದು.

*

ಮರುದಿನ ಸಂದು ಮುಚ್ಚಲು ಹೊರಟೆ. ಕಂಬಳಿಗಳನ್ನು ಬಿಸಿಲಿಗೆ ಹಾಕಿದ್ದಾಗಿತ್ತು. ನಳಕ್ಕೆ ಗೋಣಿ ಸುತ್ತಿದ್ದಾಗಿತ್ತು. ಕಿಟಕಿಗೆ ಹತ್ತಿಯ ಹೊಟ್ಟು ತುಂಬಿದ ದಿಂಡು ಅತ್ತೆಯೇ ಹೊಲಿದಿದ್ದರು. ಉಳಿದಿದ್ದು ಅದೊಂದೇ.

ಅತ್ತೆ ಏಣಿಯನ್ನು ಎತ್ತಿ ಗೋಡೆಗೆ ಒರಗಿಸಿದರು. ಕಾಲು ಅಗಲಿಸಿ ನಿಂತು ಎರಡೂ ಕೈಯಿಂದ ಹಿಡಿದರು. “ಹತ್ತು. ಈಗ ಹಿಡಿಯೋರು ಇದ್ದಾರ.”

ಮೇಲೆ ಸಂದಿನ ಅರ್ಧದವರೆಗೆ ಮಣ್ಣು ಮೆತ್ತಿತ್ತು. ಒಣಗಿ ಬಿರುಕು ಬಿಟ್ಟಿತ್ತು. ಅದರ ಮೇಲೆ ಅವನ ಬೆರಳುಗಳ ಗುರುತು. ಹೆಬ್ಬೆರಳಿನಿಂದ ಒತ್ತಿ ಒತ್ತಿ ಹೋಗಿದ್ದ. ಒಂದು ಕಡೆ ಗುರುತು ನಿಂತಿತ್ತು. ನಾನು ಅಲ್ಲಿಂದ ಶುರುಮಾಡಿದೆ. ಹುಲ್ಲು ಕಲಸಿದ ಮಣ್ಣು ಕೈಗೆ ತಣ್ಣಗಿತ್ತು. ಬಿರುಕುಗಳಿಗೆ ಮಾತ್ರ ತುಂಬಿದೆ, ಅವನ ಗುರುತಿನ ಮೇಲೆ ಬಳಿಯಲಿಲ್ಲ.

“ಮುಗೀತಾ?”

“ಮುಗೀತು.”

“ಇಳಿ ಹಂಗಂದ್ರ. ನನ್ನ ಕೈ ಸೋತಾವ.” ಇಳಿದಾಗ ಅವರ ಮುಖ ನೋಡಿದೆ. ಕೈ ಸೋತಿರಲಿಲ್ಲ.

ಒಳಗೆ ಅವರು ಕೊಡಬೇಕಾದ ಬಟ್ಟೆ ಬೇರೆ ಮಾಡುತ್ತಿದ್ದರು. ಹೋದವರ ಬಟ್ಟೆ ಮನೆಯಲ್ಲಿ ಇಡಬಾರದು, ಚಳಿಗೆ ಯಾರಿಗಾದರೂ ಆದೀತು ಎಂದರು. ನಾನು ಹೂಂ ಎಂದೆ. ಕೈಗಂಟಿದ ಮಣ್ಣು ತೊಳೆಯಲು ಬಚ್ಚಲಿಗೆ ಹೋದೆ. ಬಂದಾಗ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅತ್ತೆಯ ಕೈಯಲ್ಲಿ ಅಂಗೈಯಷ್ಟು ಅಗಲದ ಪ್ಲಾಸ್ಟಿಕ್ ಚೀಲ.

“ಅವನ ತೊಳದ ಕೋಟಿನ ಒಳಕಿಸೆದಾಗ ಸಿಕ್ತು. ಬಿಸಿಚೀಲ. ಗಟ್ಟಿ ಆಗ್ಯದ. ಕುದಿಸಿ ಇಡ್ತೀನಿ, ನಿನಗ ಕೆಲಸಕ್ಕ ಹೋಗುವಾಗ ಆಗ್ತದ.”

ಬಿಸಿಚೀಲ ಎಲ್ಲರ ಬಳಿಯೂ ಇರುತ್ತದೆ. ಅದೇ ಉಪ್ಪು, ಬಾಯಿ ಬೆಸೆದ ಚೀಲದಲ್ಲಿ. ಒಮ್ಮೆ ಬಿಸಿ ಕೊಟ್ಟು ಗಟ್ಟಿಯಾದ ಮೇಲೆ ಕುದಿಯುವ ನೀರಿನಲ್ಲಿಟ್ಟು ಕರಗಿಸಿ ಮತ್ತೆ ಬಳಸುತ್ತಾರೆ. ಕರಗಿದರೆ ಹರಳು ಹೋಯಿತು. ಹರಳಿನ ಜೊತೆಗೆ, ಅದು ದುಂಡೋ ಸೂಜಿಯೋ ಎಂಬುದೂ.

ಅತ್ತೆ ಅದನ್ನು ನೀರಿಗೆ ಬಿಟ್ಟರು.

ಕತ್ತಿನ ಹಿಂದೆ ಏನೋ ಚುರುಕ್ಕೆಂದಿತು. ಅಡುಗೆಮನೆ, ಹಿಟ್ಟಿನ ಕೈ, ಸುಡ್ತದ ಎಂಬ ಮಾತು. ಸೂಜಿಯ ಚೀಲ ಸುಡುವುದಿಲ್ಲ. ಸುಡಲಾರದು.

ಕುದಿಯುವ ನೀರಿಗೆ ಕೈ ಹಾಕಿದೆ.

“ಹುಚ್ಚಿ! ಕೈ ಸುಟ್ಕೋತಿ!”

ಚೀಲ ನೆಲದ ಮೇಲೆ ಬಿತ್ತು. ಅಂಚು ಮಾತ್ರ ನೀರಾಗಿತ್ತು, ನಡುವೆ ಗಟ್ಟಿಯಾಗಿಯೇ ಇತ್ತು. ನೋಡುತ್ತಿದ್ದಂತೆ ಅಂಚು ಮತ್ತೆ ಬೆಳ್ಳಗಾಯಿತು. ನನ್ನ ಬೆರಳುಗಳಲ್ಲಿ ಬೊಬ್ಬೆ ಏಳುತ್ತಿತ್ತು. ನೋವಾಯಿತು. ಎಷ್ಟೋ ದಿನದ ಮೇಲೆ ನನಗೆ ಏನೋ ಆಯಿತು.

*

ಸಾಲೋಮನ್ ಚೀಲವನ್ನು ದೀಪಕ್ಕೆ ಹಿಡಿದು, ಪ್ಲಾಸ್ಟಿಕ್ಕಿನ ಮೇಲಿಂದಲೇ ಭೂತಗನ್ನಡಿಯಲ್ಲಿ ನೋಡಿದ. ಬಹಳ ಹೊತ್ತು ನೋಡಿದ.

“ಸಾಬೂದಾನಿ,” ಎಂದ.

ನಾನು ಮೇಜಿನ ಮೇಲಿದ್ದ ಕತ್ತರಿ ತೆಗೆದೆ. ಅವನು ನನ್ನ ಮುಂಗೈ ಹಿಡಿದ.

“ಇಲ್ಲಿ ಬ್ಯಾಡ್ರಿ ವೈನಿ! ಇಲ್ಲಿ ಗಾಳಿಯೊಳಗೇ ಸೂಜಿ ಅದ. ತೆರೆದ್ರ ಮುಗೀತು. ನನ್ನ ಅಂಗಿಯೊಳಗ ಅದ, ನನ್ನ ಮೀಸಿಯೊಳಗ ಅದ. ಈ ಕಾಲೊನಿಯೊಳಗ ಇದನ್ನ ತೆರೆಯೋವಂಥ ಒಂದು ಕ್ವಾಣಿ ಇಲ್ಲ.”

“ಗಾಜಿನ ಪೆಟ್ಟಿಗಿ ಇಲ್ಲೇನು?”

“ಅದರೊಳಗೂ ಹೋಗ್ಯದ. ತೊಳೆದ್ರ ಕರಗಿ ಹೋಗ್ತದ ಖರೇ, ಉಪ್ಪೇ ಅಲ್ಲ? ಆದ್ರ ಇಡೀ ಕಟ್ಟಡ ಯಾರು ತೊಳೀತಾರ? ಗೋಡಿ, ನೆಲ, ಪಾತ್ರಿ, ಬಟ್ಟಿ, ಒಂದೂ ಬಿಡಂಗಿಲ್ಲ. ತೊಳೆದಮ್ಯಾಲ ಯಾರನ್ನೂ ಒಳಗ ಬಿಡಂಗಿಲ್ಲ. ಯಾವ ಮನ್ಯಾಗ ಆಗ್ತದ ಅದು?”

ನಾನು ಕತ್ತರಿ ಕೆಳಗಿಟ್ಟೆ.

“ನಮ್ಮ ಮನ್ಯಾಗ,” ಎಂದೆ.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೆಣ ಎತ್ತಿದ ಮೇಲೆ ಅತ್ತೆ ಮಾಳಿಗೆಯ ತೊಲೆಯಿಂದ ಬಚ್ಚಲ ಕಲ್ಲಿನವರೆಗೆ ನೀರು ಸುರಿದು ತಿಕ್ಕಿದ್ದರು. ಹಾಸಿಗೆ, ಬಟ್ಟೆ, ಕೊಡ, ಡಬ್ಬಿ, ಒಂದೂ ಬಿಟ್ಟಿರಲಿಲ್ಲ. ಅಂದಿನಿಂದ ಹೊರಗಿನ ಜನ ಒಳಗೆ ಬಂದಿರಲಿಲ್ಲ. ನಾನು ದಿನವೂ ತಲೆಯ ಮೇಲೆ ನೀರು ಸುರಿದುಕೊಂಡೇ ಒಳಗೆ ಹೋಗಿದ್ದೆ.

“ಶೇವಂತಾಬಾಯಿಯವರಿಗಿ ಕೇಂದ್ರದಾಗ ನೌಕರಿ ಕೊಡಬೇಕು,” ಎಂದ ಸಾಲೋಮನ್.

ಅವನು ಬಾಯಿ ಬೆಸೆದ ಎರಡು ಬಾಟಲಿ ಕರಗಿದ ಉಪ್ಪನ್ನು ಕೊಟ್ಟು, ನನ್ನ ಜೊತೆ ಬಂದ. ಹೊಸ್ತಿಲ ಹತ್ತಿರ ಬರುವ ಮುಂಚೆಯೇ ಅತ್ತೆ ಕೂಗಿದರು, “ನೀ ಅಲ್ಲೇ ನಿಲ್ಲಪ್ಪಾ. ಇದು ಸಾವಿನ ಮನಿ.”

“ನಿಂತೀನ್ರಿ ಅತ್ತಿ. ನನಗೂ ಒಳಗ ಬರೋದು ಬ್ಯಾಡಾಗ್ಯದ.”

ನಾನು ಸ್ನಾನ ಮಾಡಿದೆ. ಚೀಲವನ್ನೂ ಬಾಟಲಿಗಳನ್ನೂ ಕತ್ತರಿಯನ್ನೂ ನೀರಿನಲ್ಲಿ ತೊಳೆದು ತೊಳೆದು ಒರೆಸಿದೆ. ಅಡುಗೆಮನೆಯ ನೆಲದ ಮೇಲೆ ಕೂತೆವು, ಅತ್ತೆ ಮತ್ತು ನಾನು. ಅಂಗಳದ ಕಟ್ಟೆಯಿಂದ ಸಾಲೋಮನ್ ಕತ್ತು ಚಾಚಿ ನೋಡುತ್ತಿದ್ದ.

ಕತ್ತರಿ ಹಿಡಿದ ಕೈ ನಿಂತಿತು. ಪುಂಡಲೀಕ ಬಾಯಿ ಬೆಸೆದ ಚೀಲ. ಕತ್ತರಿಸಿದರೆ ಇನ್ನು ಅದು ಬರೀ ಉಪ್ಪು.

“ಕೊಡು, ನಾ ಕತ್ತರಿಸ್ತೀನಿ,” ಎಂದರು ಅತ್ತೆ. “ಅವನ ಹೊಕ್ಕಳ ಬಳ್ಳಿ ಕೊಯ್ದಾಕಿನೂ ನಾನೇ.”

ಅವರು ಕತ್ತರಿಸಿದರು. ನಾನು ಒಂದು ಚೂರನ್ನು ಚಮಚದಲ್ಲಿ ಎತ್ತಿ ಮೊದಲ ಬಾಟಲಿಗೆ ಹಾಕಿದೆ.

ಏನೂ ಆಗಲಿಲ್ಲ. ಚೂರು ಮುಳುಗುತ್ತ ಹೋಯಿತು. ತಳ ಮುಟ್ಟಿತು. ಆಮೇಲೆ ಅಲ್ಲಿಂದ ಬಿಳುಪು ಎದ್ದಿತು. ಹತ್ತಿ ಅರಳಿದ ಹಾಗೆ ಎಲ್ಲ ಕಡೆಗೂ ಒಂದೇ ಸಮ ದುಂಡಗೆ ಏರುತ್ತ ಏರುತ್ತ ಕುತ್ತಿಗೆಯವರೆಗೆ ಬಂತು.

“ಬಿಸಿ ನೋಡ್ರಿ! ಬಿಸಿ ಎಷ್ಟದ?” ಕಟ್ಟೆಯಿಂದ ಸಾಲೋಮನ್ ಕೂಗಿದ. ಉಷ್ಣಮಾಪಕ ಅವನ ಚೀಲದಲ್ಲೇ ಉಳಿದಿತ್ತು.

ನಾನು ಬಾಟಲಿಯನ್ನು ಎತ್ತಿ ಕತ್ತಿನ ಹಿಂದೆ ಇಟ್ಟುಕೊಂಡೆ.

“ಸುಡ್ತದ,” ಎಂದೆ.

ಅತ್ತೆ ಬಾಟಲಿ ಕಿತ್ತುಕೊಳ್ಳುವವರೆಗೂ ಹಾಗೆಯೇ ಹಿಡಿದಿದ್ದೆನಂತೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿದರು. ಆಗಲೇ ನನಗೆ ತಿಳಿದದ್ದು, ಅಳುತ್ತಿದ್ದೇನೆಂದು.

ಎರಡನೆಯ ಬಾಟಲಿಯಲ್ಲೂ ಹೆಪ್ಪುಗಟ್ಟಿಸಿ, ಬಾಯಿ ಬಿಗಿದು ಸಾಲೋಮನ್‌ಗೆ ಕೊಟ್ಟೆ. ಯಾವ ಕಾರಣಕ್ಕೂ ತೆರೆಯುವುದಿಲ್ಲ, ಮೊದಲು ಇಡೀ ಕಟ್ಟಡ ತೊಳೆಸುತ್ತೇನೆ ಎಂದು ಅವನು ಅತ್ತೆಗೆ ಮಾತು ಕೊಟ್ಟ. ಮೊದಲಿನ ಬಾಟಲಿ ಒಡೆದು, ಗಾಜು ಬೇರೆ ಮಾಡಿ, ಒಳಗಿನ ಉಪ್ಪನ್ನು ಪುಡಿಮಾಡಿ ಬಿಳಿ ಬರಣಿಗೆ ತುಂಬಿದೆ. ನೀಲಿ ಮುಚ್ಚಳ ಹಾಕಿದೆ. ಒಂದು ಚಿಟಿಕೆ ನಮ್ಮ ಗೂಡಿನಲ್ಲಿ ಇಡಲೇ ಎಂದು ಅತ್ತೆಯ ಮುಖ ನೋಡಿದೆ.

“ಇಲ್ಲ,” ಎಂದರು. “ಸೂತಕ ಕಳಿಯೋತನ ಈ ಮನ್ಯಾಗ ಹೆಪ್ಪು ಇರಂಗಿಲ್ಲ.”

“ಸೂತಕದ ಮನೀಂದ ಹೆಪ್ಪು ಕೊಡಬಹುದೇನು ಮತ್ತ?”

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. ಕಣ್ಣು ಮುಚ್ಚಿ, ಯಾವುದೋ ಹಳೆಯ ಹೆಂಗಸರನ್ನೆಲ್ಲ ಒಳಗೇ ಕೇಳಿದ ಹಾಗೆ.

“ಕೊಡಬಾರದು. ಆದ್ರ ಸತ್ತಾಂವ ತಂದ ಕಡ ತೀರಿಸಬಾರದು ಅಂತ ಯಾರೂ ಹೇಳಿಲ್ಲ. ಅದು ತೀರಿಸ್ಲಿಕ್ಕೇ ಬೇಕು.” ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಮೊದಲು ನಾ ಹೋಗ್ತೀನಿ. ಆ ಮನೀನೂ ತೊಳಿಬೇಕು.”

ಅವರು ಹಿತ್ತಲಲ್ಲಿ ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ಪೊರಕೆ ಹಿಡಿದು ಗೋಡೆಯ ಹತ್ತಿರ ಹೋದರು.

“ಏ ಖೈರೂನವ್ವಾ! ನೀರು ಕಾಸು. ಉಗ್ರಾಣ ತೊಳಿಯೋದದ.”

“ಯಾಕ? ನನ್ನ ಮನ್ಯಾಗ ಯಾರು ಸತ್ತಾರ?”

“ಸತ್ತಾಗಷ್ಟೇ ತೊಳೀತಾರೇನು? ಹುಟ್ಟೋದಕ್ಕೂ ತೊಳೀತಾರ. ಸರಿ, ಬರ್ತೀನಿ.”

*

ಮಧ್ಯಾಹ್ನದ ಬಿಸಿಲು ಇಳಿಯುವ ಮುಂಚೆ ನಾನು ಹೊರಟೆ. ದೀಪ ಹಚ್ಚುವುದರೊಳಗೆ ಮುಟ್ಟಿಸಬೇಕಿತ್ತು. ಅವರ ಅಂಗಳದ ಕಲ್ಲಿನ ಮೇಲೆ ನಿಂತು ಕಾಲು ತೊಳೆದೆ, ಕೈ ತೊಳೆದೆ. ಬರಣಿಯ ಹೊರಮೈಗೂ ನೀರು ಹಾಕಿದೆ. ಬೊಬ್ಬೆಗಳು ಉರಿದವು.

ಉಗ್ರಾಣದ ನೆಲ ಇನ್ನೂ ಹಸಿಯಾಗಿತ್ತು. ನಸ್ರೀನ್ ಒಳಕೋಣೆಯಲ್ಲಿ ಎರಡು ಕೌದಿ ಹೊದ್ದು ಕೂತಿದ್ದಳು. ಅತ್ತೆ ಒಂದು ಮೂಲೆಯಲ್ಲಿ ಕಾಲು ಚಾಚಿ ಕೂತು ಚಹಾ ಕುಡಿಯುತ್ತಿದ್ದರು. ಇದ್ದಿಲಿನ ಚೀಲ ಬೀದಿಯ ಕಡೆ, ಗೇಟಿನ ಹೊರಗೆ ಹೋಗಿತ್ತು.

ಖೈರೂನ್ ಖಾಲಾ ಇನ್ನೂ ಹೆಪ್ಪು ಹಾಕದ ಪೀಪಾಯಿಯ ಬಾಯಿಯ ಹತ್ತಿರ ನಿಂತಿದ್ದರು. ನಾನು ಬರಣಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದೆ. ಅವರು ತೆಗೆದುಕೊಳ್ಳದೆ ಮುಚ್ಚಳ ಮಾತ್ರ ಎತ್ತಿ ನೋಡಿದರು.

“ಇದು ನಾ ಕೊಟ್ಟಿದ್ದಲ್ಲ.”

“ಅಲ್ಲ ಖಾಲಾ. ಅದು ಹೋಯ್ತು. ನೀವು ಕೊಟ್ಟಿದ್ದರಿಂದ ಪುಂಡಲೀಕ ಒಂದು ಚೀಲ ಹೆಪ್ಪುಗಟ್ಟಿಸಿದ್ದ. ಅದರಿಂದ ಆಗಿದ್ದು ಇದು.”

“ಹೆಪ್ಪು ಅಂದ್ರ ಹಂಗೇ ಅಲ್ಲೇನು?” ಮತ್ತೆ ಒಳಗೆ ಇಣುಕಿದರು. “ಅಂವ ಅರ್ಧ ಒಯ್ದಿದ್ದ. ನೀ ತುಂಬಿ ತಂದೀದಿ. ಅರ್ಧ ನೀ ಇಟ್ಕೋ.”

“ಈಗ ಬ್ಯಾಡ. ನಮ್ಮ ಮನ್ಯಾಗ ಇಡಂಗಿಲ್ಲ. ಸೂತಕ ಕಳೀಲಿ, ನಾನೇ ಬಂದು ಕೇಳ್ತೀನಿ.”

“ಕಡ?”

“ಕಡ.”

“ಬರೂವಾಗ ನಿನ್ನ ವಾಟಿ ತಗೊಂಡು ಬಾ ಮತ್ತ. ನನ್ನ ಬರಣಿ ಇನ್ನ ಯಾರಿಗೂ ಕೊಡಂಗಿಲ್ಲ ನಾ.”

ಮೂಲೆಯಿಂದ ಅತ್ತೆ ನಕ್ಕರು. ಒಳಕೋಣೆಯಿಂದ ನಸ್ರೀನ್, “ಅಮ್ಮೀ, ಮೊದಲು ಇಸ್ಕೋರೀ, ಥಂಡಿ ಆಗ್ಲತ್ತದ,” ಎಂದಳು.

ಖಾಲಾ ದುಪಟ್ಟಾಕ್ಕೆ ಕೈ ಒರೆಸಿಕೊಂಡು ಎರಡೂ ಅಂಗೈ ಚಾಚಿದರು. ನನ್ನ ಕೈಯಿಂದ ಅವರ ಕೈಗೆ ಹೋಗುವಾಗ ಬರಣಿ ಇನ್ನೂ ಬೆಚ್ಚಗಿತ್ತು.